‘ಮಾನ್‌ಸ್ಟರ್’ ಮೊದಲ ಸಲ ಓದುವವರಿಗೆ: ಪ್ರತಿ ಕೊಳ್ಳುವುದರಿಂದ ಕೊನೆಯ ಪುಟದವರೆಗೆ

ನಾವೊಕಿ ಉರಸಾವಾ ಅವರ ‘ಮಾನ್‌ಸ್ಟರ್’ ಮಾಂಗಾವನ್ನು (ಜಪಾನಿನ ಚಿತ್ರಕಥೆ) ಅರ್ಧಕ್ಕೆ ಬಿಟ್ಟವರು ಹೆಚ್ಚಾಗಿ ಕೊಡುವ ಕಾರಣ ಒಂದೇ: ‘ಕೊಲೆಗಾರ ಯಾರು ಅಂತ ಶುರುವಿನಲ್ಲೇ ಗೊತ್ತಾಯ್ತಲ್ಲ, ಇನ್ನೇನು ಓದೋದು?’ ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಇಲ್ಲಿ ‘ಯಾರು’ ಎಂಬ ಪ್ರಶ್ನೆಯನ್ನು ಲೇಖಕರು ಬೇಕೆಂದೇ ಬೇಗ ಮುಗಿಸಿಬಿಡುತ್ತಾರೆ. ಆಮೇಲಿನ ಸಾವಿರಾರು ಪುಟ ಹುಡುಕುವುದು ‘ಇವನು ಎಲ್ಲಿಂದ ಬಂದ, ಇವನನ್ನು ಹೀಗೆ ಮಾಡಿದ್ದು ಏನು’ ಎಂಬುದನ್ನು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಓದುವ ಕ್ರಮವೇ ಬೇರೆಯಾಗುತ್ತದೆ. ಸುಳಿವುಗಳನ್ನು ಕೂಡಿಸುತ್ತಾ ಕೂರುವ ಬದಲು ಊರುಗಳನ್ನೂ ಮುಖಗಳನ್ನೂ ನೆನಪಿಟ್ಟುಕೊಂಡು ಓದಬೇಕಾಗುತ್ತದೆ.

ಈ ಬರಹದಲ್ಲಿ ಕಥೆಯ ಆರಂಭದ ಭಾಗ ಮಾತ್ರ ಬಯಲಾಗುತ್ತದೆ. ಅದಕ್ಕಿಂತ ಮುಂದಿನದು ಬರುವ ಕಡೆಗಳಲ್ಲಿ ಮೇಲ್ಮೇಲೆ ಹೆಸರಿಸಿ ನಿಲ್ಲಿಸಲಾಗಿದೆ.

ಕೈಗೆತ್ತಿಕೊಳ್ಳುವ ಮುನ್ನ

ಈ ಕಥೆ 1994ರ ಕೊನೆಯಿಂದ 2001ರ ಕೊನೆಯವರೆಗೆ, ಏಳು ವರ್ಷ, ಶೋಗಾಕುಕಾನ್ ಸಂಸ್ಥೆಯ ‘ಬಿಗ್ ಕಾಮಿಕ್ ಒರಿಜಿನಲ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 162 ಅಧ್ಯಾಯ, 18 ಸಂಪುಟ. 1999ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಮುಖ್ಯ ಬಹುಮಾನ ಬಂದಾಗ ಕಥೆ ಇನ್ನೂ ನಡೆಯುತ್ತಿತ್ತು. ಪತ್ರಿಕೆ ವಯಸ್ಕರದು. ಹಾಗಾಗಿ ಇದರಲ್ಲಿ ಮಂತ್ರಶಕ್ತಿಯಿಲ್ಲ, ಸಾವಿನ ದೇವತೆಗಳಿಲ್ಲ, ಶಾಲಾ ಸಮವಸ್ತ್ರದ ನಾಯಕನೂ ಇಲ್ಲ. ಇರುವುದು ಆಸ್ಪತ್ರೆ, ಪೊಲೀಸ್ ಕಚೇರಿ, ಗ್ರಂಥಾಲಯ, ಅನಾಥಾಲಯ, ಮಳೆ ಬಿದ್ದ ರಸ್ತೆಗಳು.

ಕತ್ತಲೆ ಎಂದರೆ ಎಷ್ಟು ಕತ್ತಲೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ರಕ್ತ ಹೆಚ್ಚಿಲ್ಲ, ಕೊಲೆ ಎಷ್ಟೋ ಕಡೆ ಚೌಕಟ್ಟಿನ ಆಚೆಗೇ ನಡೆದುಹೋಗುತ್ತದೆ. ಓದುಗರಿಗೆ ತಟ್ಟುವುದು ಬೇರೆ: ಮಕ್ಕಳ ಮೇಲಿನ ಹಿಂಸೆ, ಸಂಸ್ಥೆಯೊಂದರಲ್ಲಿ ಮಕ್ಕಳ ಮೇಲೆ ನಡೆದ ಪ್ರಯೋಗ, ಕುಡಿತಕ್ಕೆ ಬಿದ್ದವರು, ಆತ್ಮಹತ್ಯೆಗೆ ದೂಡಲ್ಪಟ್ಟವರು. ಕೊನೆಯದು ಒಂದೆರಡು ಸಲವಲ್ಲ, ಮತ್ತೆ ಮತ್ತೆ ಬರುತ್ತದೆ. ಹದಿನಾರು ದಾಟದವರಿಗೆ ಇದನ್ನು ಕೊಡದಿರುವುದೇ ಒಳ್ಳೆಯದು. ಈ ವಿಷಯಗಳಲ್ಲಿ ಯಾವುದಾದರೂ ನಿಮಗೆ ಹಸಿ ಗಾಯವಾಗಿದ್ದರೆ ಬೇರೆ ಮಾಂಗಾದಿಂದ ಶುರು ಮಾಡಿ. ಈ ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಯಾವ ಆವೃತ್ತಿ?

ಇಂಗ್ಲಿಷಿನಲ್ಲಿ ಓದುವವರ ಮುಂದೆ ವಿಜ್ ಮೀಡಿಯಾ ಎಂಬ ಪ್ರಕಾಶನದ ಎರಡು ಆವೃತ್ತಿಗಳಿವೆ. ಹಳೆಯದು 18 ಸಂಪುಟದ್ದು, 2006ರಿಂದ 2008ರ ನಡುವೆ ಬಂದದ್ದು. ಹೊಸದು ‘ಪರ್ಫೆಕ್ಟ್ ಎಡಿಷನ್’, 9 ಸಂಪುಟ, 2014ರಿಂದ 2016ರವರೆಗೆ ಬಂದದ್ದು. ಹೊಸದರ ಒಂದು ಸಂಪುಟದಲ್ಲಿ ಹಳೆಯದರ ಎರಡು ಸೇರಿವೆ, 400ಕ್ಕೂ ಹೆಚ್ಚು ಪುಟ. ಆಕಾರ ಕೊಂಚ ದೊಡ್ಡದು, ಪತ್ರಿಕೆಯಲ್ಲಿ ಬಣ್ಣದಲ್ಲಿ ಬಂದ ಪುಟಗಳು ಇಲ್ಲೂ ಬಣ್ಣದಲ್ಲೇ ಇವೆ. ಮೊದಲ ಓದಿಗೆ ಇದೇ ಸರಿ.

ಎಡವಟ್ಟಾಗುವುದು ಎರಡನ್ನೂ ಬೆರೆಸಿದಾಗ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹಳೆಯ ಆವೃತ್ತಿಯ 5 ಸಿಕ್ಕಿತೆಂದು ತಂದು, ಹೊಸದರ 4 ಮುಗಿಸಿ ಅದನ್ನು ತೆರೆದರೆ, ಓದಿಯಾದ ಕಥೆಯೇ ಎದುರಾಗುತ್ತದೆ. ಲೆಕ್ಕ ಸುಲಭ: ಹಳೆಯ ಸಂಪುಟದ ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಅರ್ಧ ಉಳಿದರೆ ಮೇಲಿನ ಸಂಖ್ಯೆ ಹಿಡಿಯಿರಿ. ಹಳೆಯ 5 ಎಂದರೆ ಹೊಸ 3ರ ಮೊದಲರ್ಧ. ಹಳೆಯ 8 ಎಂದರೆ ಹೊಸ 4ರ ಎರಡನೆಯರ್ಧ.

ಒಂಬತ್ತನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲ ಎರಡು ಸಾಕು. ಈ ಕಥೆ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಎರಡನೆಯದು ಮುಗಿಯುವಷ್ಟರಲ್ಲಿ ಖಚಿತವಾಗುತ್ತದೆ. ಒಂದಕ್ಕೇ ನಿಲ್ಲಿಸಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ಮೊದಲ ಸಂಪುಟ ಆಸ್ಪತ್ರೆಯ ಥ್ರಿಲ್ಲರ್‌ನಂತೆ ಓಡುತ್ತದೆ. ಮುಂದಿನ ನಡೆ ಅದಲ್ಲ.

ಅರ್ಧ ಬೆಲೆಗೆ ಸಿಗುವ ನಕಲಿ ಮುದ್ರಣದ ಬಗ್ಗೆ ಒಂದು ಮಾತು. ಮಾಂಗಾದಲ್ಲಿ ಬೂದು ಬಣ್ಣವೆಂದು ಕಾಣುವುದು ನಿಜವಾಗಿ ಸಣ್ಣ ಕಪ್ಪು ಚುಕ್ಕೆಗಳ ಹಾಳೆ, ಸ್ಕ್ರೀನ್‌ಟೋನ್. ಸ್ಕ್ಯಾನ್ ಮಾಡಿ ಮರುಮುದ್ರಿಸಿದಾಗ ಆ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತವೆ, ಇಲ್ಲವೇ ಅಲೆಅಲೆಯಾಗಿ ಕಾಣುತ್ತವೆ. ಉರಸಾವಾ ಮುಖದ ಅರ್ಧಭಾಗವನ್ನು ನೆರಳಿನಲ್ಲಿಟ್ಟು ಕಥೆ ಹೇಳುವವರು. ಆ ನೆರಳು ಮಸಿಯಾದರೆ ನೀವು ಕಳೆದುಕೊಳ್ಳುವುದು ಕಥೆಯನ್ನೇ. ಕೊಳ್ಳುವಾಗ ರಾತ್ರಿಯ ದೃಶ್ಯವಿರುವ ಒಂದು ಪುಟ ತೆರೆದು ನೋಡಿ: ಕತ್ತಲಲ್ಲಿ ಕೋಟಿನ ಮಡಿಕೆ ಬೇರೆಯಾಗಿ ಕಂಡರೆ ಪ್ರತಿ ಸರಿಯಿದೆ.

ಬಲದಿಂದ ಎಡಕ್ಕೆ: ಹತ್ತು ನಿಮಿಷದ ಅಭ್ಯಾಸ

ಪುಸ್ತಕದ ಬೆನ್ನು ನಿಮ್ಮ ಬಲಗೈ ಕಡೆಗಿರಬೇಕು. ನಮ್ಮ ಲೆಕ್ಕದಲ್ಲಿ ‘ಹಿಂಬದಿ’ ಎನಿಸುವ ಕಡೆಯಿಂದ ಕಥೆ ಶುರು. ಪುಟದಲ್ಲಿ ಮೊದಲು ಬಲಮೇಲಿನ ಚೌಕಟ್ಟು, ಆಮೇಲೆ ಅದೇ ಸಾಲಿನಲ್ಲಿ ಎಡಕ್ಕೆ, ಸಾಲು ಮುಗಿದ ಮೇಲೆ ಕೆಳಗಿನ ಸಾಲಿನ ಬಲತುದಿಗೆ. ಚೌಕಟ್ಟಿನ ಒಳಗೆ ಮಾತಿನ ಗುಳ್ಳೆಗಳಿಗೂ ಇದೇ ನಿಯಮ. ಗುಳ್ಳೆಯೊಳಗಿನ ಇಂಗ್ಲಿಷ್ ಮಾತ್ರ ಎಂದಿನಂತೆ ಎಡದಿಂದ ಬಲಕ್ಕೆ. ತಲೆ ಗೊಂದಲಕ್ಕೆ ಬೀಳುವುದು ಇಲ್ಲೇ.

ಚೌಕಟ್ಟುಗಳು ಸಮವಾಗಿಲ್ಲದಿದ್ದರೆ ಯಾವುದು ಮೊದಲು? ಅವುಗಳ ನಡುವಿನ ಬಿಳಿ ಪಟ್ಟಿ ನೋಡಿ. ಪುಟದ ಈ ತುದಿಯಿಂದ ಆ ತುದಿಗೆ ತಡೆಯಿಲ್ಲದೆ ಹರಿಯುವ ಅಡ್ಡಪಟ್ಟಿಯೇ ಸಾಲಿನ ಗಡಿ. ಸಾಮಾನ್ಯವಾಗಿ ಅದು ಉದ್ದಪಟ್ಟಿಗಿಂತ ಅಗಲವಾಗಿಯೂ ಇರುತ್ತದೆ. ಸಾಲೊಂದರಲ್ಲಿ ಬಲಕ್ಕೆ ಒಂದು ಎತ್ತರದ ಚೌಕಟ್ಟು, ಎಡಕ್ಕೆ ಒಂದರ ಕೆಳಗೊಂದು ಎರಡು ಚಿಕ್ಕವು ಇದ್ದರೆ, ಮೊದಲು ಎತ್ತರದ್ದು, ನಂತರ ಎಡದ ಮೇಲಿನದು, ಆಮೇಲೆ ಅದರ ಕೆಳಗಿನದು. ಚಿಕ್ಕವೆರಡು ಬಲಕ್ಕಿದ್ದರೆ ಅವನ್ನು ಮೇಲಿನಿಂದ ಕೆಳಕ್ಕೆ ಮುಗಿಸಿ, ನಂತರ ಎಡದ ಎತ್ತರದ್ದು.

ಮೊದಲ ಸಂಪುಟದ ಆರಂಭದ ಎಂಟು ಪುಟ ತೆಗೆದು, ಒಂದೂ ಮಾತು ಓದದೆ, ಚೌಕಟ್ಟಿನಿಂದ ಚೌಕಟ್ಟಿಗೆ ಬೆರಳಾಡಿಸಿ. ಇದನ್ನು ಎರಡು ಸಲ ಮಾಡಿದರೆ ಕಣ್ಣು ದಾರಿ ಹಿಡಿಯುತ್ತದೆ. ಹೀಗೆ ಮಾಡದೆ ನೇರ ಓದಲು ಹೊರಟವರು ಉತ್ತರವನ್ನು ಪ್ರಶ್ನೆಗಿಂತ ಮೊದಲು ಓದಿ, ಸಂಭಾಷಣೆಯೇ ಸರಿಯಿಲ್ಲ ಎಂದು ಅನುವಾದಕರನ್ನು ಬೈಯುತ್ತಾರೆ.

ಇನ್ನೆರಡು ಸಂಗತಿ. ಚೌಕಟ್ಟುಗಳ ನಡುವಿನ ಪಟ್ಟಿ ಬಿಳಿಯ ಬದಲು ಕಪ್ಪಾಗಿದ್ದರೆ ಅದು ಹಿಂದೆ ನಡೆದದ್ದೋ, ಕನಸೋ, ನೆನಪೋ ಆಗಿರುತ್ತದೆ. ಮಾಂಗಾದಲ್ಲಿ ಇದು ಸಾಮಾನ್ಯ ರೂಢಿ. ಇನ್ನೊಂದು, ಪುಟ ತಿರುವುವ ಜಾಗ. ಎರಡು ಪುಟ ತೆರೆದಾಗ ಕೊನೆಯದಾಗಿ ಕಣ್ಣು ಬೀಳುವುದು ಎಡಪುಟದ ಕೆಳತುದಿಗೆ. ಯಾರೋ ಬಾಗಿಲ ಕಡೆ ತಿರುಗುತ್ತಾರೆ, ಅಲ್ಲಿಗೆ ಪುಟ ಮುಗಿಯುತ್ತದೆ; ಬಾಗಿಲಲ್ಲಿ ನಿಂತವರು ಕಾಣುವುದು ಹಾಳೆ ಮಗುಚಿದ ಮೇಲೆ. ಮುಂದಿನ ಪುಟವನ್ನು ಇಣುಕಿ ನೋಡುವ ಚಾಳಿಯಿದ್ದರೆ ಈ ಮಾಂಗಾದ ಮಟ್ಟಿಗಾದರೂ ಬಿಡಿ.

ಯಾವುದೇ ಮಾಂಗಾವನ್ನು ಟ್ಯಾಬ್ಲೆಟ್‌ನಲ್ಲಿ ಓದುವಾಗ ಆ್ಯಪ್‌ನ ಸೆಟ್ಟಿಂಗ್ ಬಲದಿಂದ ಎಡಕ್ಕೆ ಇದೆಯೇ ಎಂದು ನೋಡಿ, ಪರದೆಯನ್ನು ಅಡ್ಡಕ್ಕೆ ಹಿಡಿದು ಎರಡು ಪುಟ ಒಟ್ಟಿಗೆ ಕಾಣುವಂತೆ ಮಾಡಿಕೊಳ್ಳಿ. ಫೋನಿನಲ್ಲಿ ಒಂದೊಂದೇ ಚೌಕಟ್ಟು ಹಿಗ್ಗಿಸಿ ಓದುವುದು ಇಂಥ ಕಥೆಗೆ ಆಗಿಬರುವುದಿಲ್ಲ. ಮಾತಾಡುವವನ ಮುಖದ ಪಕ್ಕದ ಚೌಕಟ್ಟಿನಲ್ಲಿ ಕೇಳುವವಳ ಮುಖವಿರುತ್ತದೆ. ಎರಡೂ ಒಟ್ಟಿಗೆ ಕಾಣಬೇಕು.

ಮೊದಲ ಅಧ್ಯಾಯಗಳನ್ನು ಓದುವ ಬಗೆ

ಪುಸ್ತಕ ತೆರೆಯುವುದು ಬೈಬಲ್‌ನ ‘ಪ್ರಕಟಣೆ’ ಗ್ರಂಥದ 13ನೇ ಅಧ್ಯಾಯದ ಸಾಲುಗಳಿಂದ. ಸಮುದ್ರದಿಂದ ಹತ್ತು ಕೊಂಬು, ಏಳು ತಲೆಯ ಮೃಗವೊಂದು ಮೇಲೇಳುವ ಭಾಗ. ಆ ಪುಟವನ್ನು ಹಾರಿಸಬೇಡಿ.

ನಂತರ 1986, ಪಶ್ಚಿಮ ಜರ್ಮನಿಯ ಡ್ಯುಸೆಲ್‌ಡಾರ್ಫ್. ಕೆಂಜೊ ಟೆನ್ಮಾ ಜಪಾನಿನಿಂದ ಬಂದ ಮೆದುಳಿನ ಶಸ್ತ್ರವೈದ್ಯ. ಕೈಚಳಕ ಅವನದು, ಹೆಸರು ಆಸ್ಪತ್ರೆಯ ನಿರ್ದೇಶಕರದು. ನಿರ್ದೇಶಕರ ಮಗಳು ಏವಾಳೊಂದಿಗೆ ಮದುವೆ ಗೊತ್ತಾಗಿದೆ. ಇಲ್ಲಿ ನಿಧಾನಿಸಿ, ಒಂದೇ ವಿಷಯ ಗಮನಿಸಿ: ಆಸ್ಪತ್ರೆಗೆ ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು. ಟರ್ಕಿಯ ಕಟ್ಟಡ ಕಾರ್ಮಿಕನೊಬ್ಬ ಮೊದಲು ಬಂದಿರುತ್ತಾನೆ. ಆಮೇಲೆ ಪ್ರಸಿದ್ಧ ಒಪೆರಾ ಗಾಯಕ. ಮೇಲಿನಿಂದ ಆದೇಶ ಬರುತ್ತದೆ, ಟೆನ್ಮಾ ಗಾಯಕನ ಕಡೆ ಹೋಗುತ್ತಾನೆ. ಕಾರ್ಮಿಕ ಬೇರೊಬ್ಬ ವೈದ್ಯನ ಕೈಯಲ್ಲಿ ಸಾಯುತ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಟೆನ್ಮಾನನ್ನು ತಡೆದು, ಅವನ ಎದೆಗೆ ಗುದ್ದುತ್ತಾ ‘ನನ್ನ ಗಂಡ ಮೊದಲು ಬಂದಿದ್ದ’ ಎಂದು ಅಳುತ್ತಾಳೆ. ಆ ಕೈಗಳನ್ನೂ ಟೆನ್ಮಾನ ಮುಖವನ್ನೂ ನೋಡಿ, ಅವನ ಮಾತಿಗಾಗಿ ಕಾಯಬೇಡಿ.

ಇದೇ ಸಂದರ್ಭ ಮತ್ತೆ ಬರುತ್ತದೆ. ತಲೆಗೆ ಗುಂಡು ಬಿದ್ದ ಹುಡುಗ ಮೊದಲು, ನಗರದ ಮೇಯರ್ ಆಮೇಲೆ. ಈ ಸಲ ಟೆನ್ಮಾ ಆದೇಶ ಮೀರಿ ಹುಡುಗನನ್ನೇ ಉಳಿಸುತ್ತಾನೆ. ಮೇಯರ್ ಸಾಯುತ್ತಾನೆ. ಬಡ್ತಿ, ಮದುವೆ, ಮರ್ಯಾದೆ ಎಲ್ಲವೂ ಕೈತಪ್ಪುತ್ತವೆ. ಪ್ರಜ್ಞೆಯಿಲ್ಲದೆ ಮಲಗಿದ ಆ ಹುಡುಗನ ಹಾಸಿಗೆಯ ಪಕ್ಕ ನಿಂತು ಟೆನ್ಮಾ ಸಿಟ್ಟಿನಲ್ಲಿ ಏನೋ ಅಂದುಬಿಡುತ್ತಾನೆ. ಆ ಪುಟಕ್ಕೆ ಒಂದು ಗುರುತು ಹಾಕಿಡಿ. ಒಂಬತ್ತು ಸಂಪುಟಗಳುದ್ದಕ್ಕೂ ಆ ಮಾತಿನ ಸಾಲ ತೀರಿಸುವುದೇ ಅವನ ಕೆಲಸ.

ಹುಡುಗನ ಹೆಸರು ಯೊಹಾನ್. ಕಥೆ ಒಂಬತ್ತು ವರ್ಷ ಮುಂದಕ್ಕೆ ಹಾರಿ 1995ಕ್ಕೆ ಬರುತ್ತದೆ. ‘ಯಾರು’ ಎಂಬುದಕ್ಕೆ ಇಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ತನಿಖೆಗೆ ಬರುವ ಇನ್‌ಸ್ಪೆಕ್ಟರ್ ಲುಂಗೆ (ಕೆಲವೆಡೆ ರುಂಗೆ ಎಂದೂ ಬರೆಯುತ್ತಾರೆ) ಎಂಬಾತನ ಕೈ ನೋಡಿ. ಎದುರಿಗಿದ್ದವರು ಮಾತಾಡುತ್ತಿದ್ದಂತೆ ಅವನ ಬೆರಳುಗಳು ಗಾಳಿಯಲ್ಲಿ ಟೈಪ್ ಮಾಡುತ್ತಿರುತ್ತವೆ. ಕೇಳಿದ್ದನ್ನೆಲ್ಲ ಅವನು ತಲೆಗೆ ತುಂಬಿಕೊಳ್ಳುವ ರೀತಿ ಅದು. ಮುಂದೆ ಆ ಬೆರಳುಗಳು ಯಾವಾಗ ಆಡುತ್ತವೆ, ಯಾವಾಗ ನಿಲ್ಲುತ್ತವೆ ಎಂಬುದೇ ಒಂದು ಮಾತಾಗುತ್ತದೆ. ಪಕ್ಕದಲ್ಲಿ ವಿವರಣೆ ಕೊಡುವವರು ಯಾರೂ ಇರುವುದಿಲ್ಲ. ಗುಳ್ಳೆಯೊಳಗಿನ ಮಾತಷ್ಟೇ ಓದಿ ಮುಂದೋಡುವವರಿಗೆ ಇಂಥವು ಕಾಣುವುದೇ ಇಲ್ಲ.

ಹೆಸರುಗಳ ಕಾಡು, ಮತ್ತು ಒಂದು ನೋಟ್‌ಬುಕ್

ಮೂರನೇ ಸಂಪುಟದ ಹೊತ್ತಿಗೆ ಹೆಸರುಗಳು ಕಲಸಿಕೊಳ್ಳುತ್ತವೆ. ಜರ್ಮನ್ ಹೆಸರು, ಚೆಕ್ ಹೆಸರು, ಜೊತೆಗೆ ಒಬ್ಬರಿಗೇ ಎರಡು ಹೆಸರು. ಇದು ಓದುಗರ ದಡ್ಡತನವಲ್ಲ. ಹೆಸರು ಕಳೆದುಕೊಳ್ಳುವುದು, ಬದಲಿಸಿಕೊಳ್ಳುವುದು, ಇಲ್ಲದಿರುವುದು ಈ ಕಥೆಯ ಒಳಗಿನ ವಸ್ತುವೇ.

ಪಾತ್ರಗಳ ಪಟ್ಟಿ ಅಕ್ಷರಕ್ರಮದಲ್ಲಿ ಮಾಡಿದರೆ ಉಪಯೋಗವಿಲ್ಲ. ಊರಿನ ಪ್ರಕಾರ ಮಾಡಿ. ನೋಟ್‌ಬುಕ್‌ನಲ್ಲಿ ಊರಿಗೊಂದು ಪುಟ: ಡ್ಯುಸೆಲ್‌ಡಾರ್ಫ್, ಹೈಡೆಲ್‌ಬರ್ಗ್, ಬರ್ಲಿನ್, ಮ್ಯೂನಿಕ್, ಪ್ರಾಗ್. ಪ್ರತಿ ಪುಟದಲ್ಲಿ ಮೂರು ಕಂಬ (ಕಾಲಂ): ಹೆಸರು, ಮುಖದ ಗುರುತು ಒಂದು, ಯೊಹಾನ್ ಬಗ್ಗೆ ಆ ವ್ಯಕ್ತಿ ಏನು ಹೇಳಿದರು. ಮೂರನೆಯ ಕಂಬವೇ ಮುಖ್ಯ. ಒಬ್ಬನೇ ಮನುಷ್ಯನನ್ನು ಒಬ್ಬೊಬ್ಬರು ಒಂದೊಂದು ಥರ ಕಂಡಿರುತ್ತಾರೆ, ಆ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ಜಾಗಗಳಿಗೆ ಅಡಿಗೆರೆ ಎಳೆದರೆ ಸಾಕು, ರಹಸ್ಯ ಎಲ್ಲಿದೆ ಎಂಬುದು ತಾನೇ ಕಾಣತೊಡಗುತ್ತದೆ.

ಮುಖದ ಗುರುತು ಯಾಕೆ ಬೇಕೆಂದರೆ, ಉರಸಾವಾ ಪ್ರತಿ ಸಣ್ಣ ಪಾತ್ರಕ್ಕೂ ಬೇರೆಯದೇ ಮೂಗು, ಗಲ್ಲ, ಹುಬ್ಬು ಕೊಡುತ್ತಾರೆ. ಎಷ್ಟೋ ಅಧ್ಯಾಯಗಳ ನಂತರ ಅದೇ ಮುಖ ಗುಂಪಿನಲ್ಲಿ ಕಾಣಿಸಿದರೆ, ಹೆಸರು ಮರೆತಿದ್ದರೂ ಮೂಗು ನೆನಪಿಸುತ್ತದೆ.

ಉಚ್ಚಾರಕ್ಕೆ ಇಷ್ಟು ಸಾಕು: ಜರ್ಮನ್ ಹೆಸರುಗಳಲ್ಲಿ ಇಂಗ್ಲಿಷಿನ ‘ಜೆ’ ಅಕ್ಷರಕ್ಕೆ ‘ಯ’ ಧ್ವನಿ, ‘ಡಬ್ಲ್ಯು’ಗೆ ‘ವ’. ಯೊಹಾನ್, ಯುಂಕರ್ಸ್, ವೋಲ್ಫ್‌ಗಾಂಗ್.

ಎಷ್ಟು ಚರಿತ್ರೆ ಗೊತ್ತಿರಬೇಕು?

ಹೆಚ್ಚೇನೂ ಬೇಡ. ಆದರೆ ಇಷ್ಟಾದರೂ ಇಲ್ಲದಿದ್ದರೆ ಕಥೆಯ ಅರ್ಧ ಭಯ ತಲುಪುವುದಿಲ್ಲ. ಕಥೆ ಶುರುವಾದಾಗ ಜರ್ಮನಿ ಎರಡು. ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು, ಎರಡೂ ಒಂದಾದದ್ದು 1990ರ ಅಕ್ಟೋಬರ್ 3ರಂದು. ಅಂದರೆ ಕಥೆ ಹಾರಿಸುವ ಆ ಒಂಬತ್ತು ವರ್ಷಗಳ ನಡುವೆ ಒಂದು ದೇಶವೇ, ಪೂರ್ವ ಜರ್ಮನಿ, ಇಲ್ಲವಾಯಿತು. ಆ ದೇಶದ ಅನಾಥಾಲಯಗಳು, ಗುಪ್ತ ಪೊಲೀಸರು, ಕಡತಗಳು, ಅಲ್ಲಿ ಕೆಲಸ ಮಾಡಿದವರು ಎಲ್ಲಿಗೆ ಹೋದರು? ಟೆನ್ಮಾ ಹುಡುಕುವುದು ಬಹುಪಾಲು ಇದನ್ನೇ. ಬರ್ಲಿನ್‌ನ ‘ಕಿಂಡರ್‌ಹೈಮ್ 511’ ಎಂಬ ಅನಾಥಾಲಯ ಕಾಲ್ಪನಿಕ. ಅದನ್ನು ಸಾಧ್ಯವಾಗಿಸಿದ ವ್ಯವಸ್ಥೆ ಕಾಲ್ಪನಿಕವಲ್ಲ.

ಪ್ರಾಗ್‌ಗೆ ಬಂದಾಗ ಇನ್ನೊಂದು ತಾರೀಖು ಜೊತೆಗಿರಲಿ: ಜೆಕೊಸ್ಲೊವಾಕಿಯಾ ಇಬ್ಭಾಗವಾದದ್ದು 1993ರ ಜನವರಿ 1ರಂದು. ಹಾಗಾಗಿ ಹಳೆಯ ಗುಪ್ತ ಪೊಲೀಸರು ಎಂದು ಅಲ್ಲಿ ಮಾತು ಬಂದರೆ ಅದು ಅಳಿದ ದೇಶವೊಂದರ ಸಂಗತಿ.

ಟರ್ಕಿಯ ಕಾರ್ಮಿಕ ಮೊದಲ ಅಧ್ಯಾಯದಲ್ಲಿ ಸುಮ್ಮನೆ ಬಂದವನಲ್ಲ. 1961ರ ಒಪ್ಪಂದದ ನಂತರ ಪಶ್ಚಿಮ ಜರ್ಮನಿ ಟರ್ಕಿಯಿಂದ ಕೂಲಿಯವರನ್ನು ಕರೆಸಿಕೊಂಡಿತು. 1993ರ ಮೇ ತಿಂಗಳಲ್ಲಿ ಜೋಲಿಂಗನ್ ಪಟ್ಟಣದಲ್ಲಿ ಟರ್ಕಿ ಮೂಲದ ಕುಟುಂಬದ ಮನೆಗೆ ಬೆಂಕಿಯಿಟ್ಟು ಐವರನ್ನು ಕೊಂದರು. ಮರುವರ್ಷವೇ ಈ ಮಾಂಗಾ ಶುರುವಾದದ್ದು. ಕಥೆಯಲ್ಲಿ ಬಲಪಂಥೀಯ ಉಗ್ರರು ಬಂದಾಗ ಇದು ನೆನಪಿರಲಿ.

ಓದಿನ ವೇಗ

ಮೂಲ ಓದುಗರಿಗೆ ತಿಂಗಳಿಗೆ ಎರಡು ಅಧ್ಯಾಯ ಸಿಗುತ್ತಿತ್ತು. ಎರಡು ವಾರ ಆ ಕೊನೆಯ ಪುಟವನ್ನೇ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನೀವು ಅಷ್ಟು ಕಾಯಬೇಕಿಲ್ಲ, ಆದರೆ ಒಂದೇ ವಾರಾಂತ್ಯದಲ್ಲಿ ಮೂರು ಸಂಪುಟ ನುಂಗಿದರೆ ಎಲ್ಲವೂ ಒಂದೇ ಬಣ್ಣವಾಗಿ ಕಾಣುತ್ತದೆ. ಹೊಸಬರಿಗೆ ‘ಪರ್ಫೆಕ್ಟ್’ ಸಂಪುಟವೊಂದಕ್ಕೆ ಮೂರರಿಂದ ನಾಲ್ಕು ಗಂಟೆ ಬೇಕು. ವಾರಕ್ಕೆ ಒಂದು ಸಂಪುಟ, ಅದೂ ಎರಡು ಮೂರು ಕೂತುಗಳಲ್ಲಿ, ಸರಿಯಾದ ನಡೆ. ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಪ್ರತಿ ಸಂಪುಟ ಮುಗಿದಾಗ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಿರಿ: ಯೊಹಾನ್‌ಗೆ ಏನು ಬೇಕು ಎಂದು ಈಗ ಅನ್ನಿಸುತ್ತಿದೆ? ಆ ಒಂಬತ್ತು ಸಾಲುಗಳು ಒಂದರಂತೆ ಒಂದು ಇರುವುದಿಲ್ಲ.

ನಡುವಿನ ಸಂಪುಟಗಳಲ್ಲಿ ಒಂದು ತೊಡಕಿದೆ. ಟೆನ್ಮಾ ಅಧ್ಯಾಯಗಟ್ಟಲೆ ಕಾಣೆಯಾಗುತ್ತಾನೆ. ಮ್ಯೂನಿಕ್‌ನ ಶ್ರೀಮಂತನೊಬ್ಬನ ಕಥೆ, ವಿದ್ಯಾರ್ಥಿಗಳ ಕಥೆ, ಮಾಜಿ ಪೊಲೀಸನೊಬ್ಬನ ಕಥೆ ಶುರುವಾಗುತ್ತವೆ. ‘ಮುಖ್ಯ ಕಥೆಗೆ ಬನ್ನಿ ಮಾರಾಯ್ರೆ’ ಎಂದು ಪುಟ ಹಾರಿಸುವ ಆಸೆ ಬರುವುದು ಇಲ್ಲೇ. ಹಾರಿಸಬೇಡಿ. ಯೊಹಾನ್ ನೇರವಾಗಿ ಕಾಣಿಸಿಕೊಳ್ಳುವುದು ಬಹಳ ಕಡಿಮೆ. ಅವನು ದಾಟಿಹೋದ ಮನೆಗಳಲ್ಲಿ ಉಳಿದವರನ್ನು ನೋಡಿಯೇ ಅವನನ್ನು ತಿಳಿಯಬೇಕು. ಅಡ್ಡಕಥೆಯ ಜನ ಮತ್ತೆ ಮರಳಿಯೂ ಬರುತ್ತಾರೆ. ಹಾಗೆಂದು ಎಲ್ಲ ಅಡ್ಡಕಥೆಯೂ ಸಮನಾಗಿಲ್ಲ. ಟೆನ್ಮಾ ಯಾವುದೋ ಊರಿಗೆ ಬಂದು ಒಬ್ಬ ರೋಗಿಯನ್ನು ಉಳಿಸಿ ಹೊರಡುವ ಬಿಡಿ ಅಧ್ಯಾಯಗಳಲ್ಲಿ ಕೆಲವು ಸ್ವಲ್ಪ ಸಿಹಿ ಜಾಸ್ತಿಯಾದವು. ಅವನ್ನು ವೇಗವಾಗಿ ಓದಿದರೆ ನಷ್ಟವಿಲ್ಲ.

ಕಥೆಯೊಳಗೆ ಒಂದು ಕಡೆ ಮಕ್ಕಳ ಚಿತ್ರಪುಸ್ತಕ ಬರುತ್ತದೆ. ಚಿತ್ರದ ಶೈಲಿಯೇ ಬದಲಾಗುವುದರಿಂದ ಗುರುತು ಸಿಗುತ್ತದೆ. ಅಲ್ಲಿ ಪೂರ್ತಿ ನಿಲ್ಲಿ, ಮಗುವಿಗೆ ಓದಿ ಹೇಳುವಷ್ಟು ನಿಧಾನವಾಗಿ ಓದಿ. ಮುಂದೆ ಅದರ ಸಾಲುಗಳು ಬೇರೆ ಬೇರೆ ಬಾಯಲ್ಲಿ ಬರುತ್ತವೆ.

ಕಥೆ ಬಯಲಾಗದಂತೆ ನೋಡಿಕೊಳ್ಳುವುದು

ಪಾತ್ರದ ಹೆಸರನ್ನು ಗೂಗಲ್‌ಗೆ ಹಾಕಬೇಡಿ. ಹೆಸರು ಪೂರ್ತಿ ಟೈಪ್ ಮಾಡುವ ಮೊದಲೇ ಅದು ತೋರಿಸುವ ಸಲಹೆಗಳಲ್ಲಿ ‘ಸಾವು’, ‘ಅವಳಿ’, ‘ಅಂತ್ಯ’ ಇತ್ಯಾದಿ ಇಣುಕುತ್ತವೆ. ಅಭಿಮಾನಿಗಳ ವಿಕಿಯಲ್ಲಿ ಪಾತ್ರದ ಪುಟ ತೆರೆದರೆ ಮೊದಲ ಸಾಲಿನಲ್ಲೇ ಬದುಕಿದ್ದಾರೋ ಸತ್ತರೋ ಎಂದಿರುತ್ತದೆ. ಊರು, ಇಸವಿ, ಗುಪ್ತ ಪೊಲೀಸ್ ಸಂಸ್ಥೆಗಳ ಬಗ್ಗೆ ಎಷ್ಟು ಬೇಕಾದರೂ ಹುಡುಕಿ, ಅಪಾಯವಿಲ್ಲ. ಮುಂದಿನ ಸಂಪುಟದ ಹಿಂಬದಿಯ ಸಾರಾಂಶ ಓದಬೇಡಿ. ಅದು ಹಿಂದಿನ ಸಂಪುಟ ಮುಗಿಸಿದವರಿಗೆಂದು ಬರೆದದ್ದು. ಯೂಟ್ಯೂಬ್‌ನಲ್ಲಿ ಒಂದು ಪರಿಚಯದ ವಿಡಿಯೊ ನೋಡಿದರೆ ಮರುದಿನ ‘ಅಂತ್ಯದ ಅರ್ಥ’ ಎಂಬ ಶೀರ್ಷಿಕೆ ತಾನೇ ಎದುರಿಗೆ ಬಂದು ನಿಲ್ಲುತ್ತದೆ.

ಮ್ಯಾಡ್‌ಹೌಸ್ ಸ್ಟುಡಿಯೊದ ಅನಿಮೆ (ಜಪಾನಿ ಅನಿಮೇಷನ್ ಸರಣಿ) ಕೂಡ ಇದೆ, 2004–05ರದ್ದು, 74 ಕಂತು. ಮೂಲಕ್ಕೆ ಬಹಳ ನಿಷ್ಠವಾಗಿದೆ. ಹಾಗಿರುವುದರಿಂದಲೇ ಎರಡನ್ನೂ ಒಟ್ಟೊಟ್ಟಿಗೆ ಇಟ್ಟುಕೊಂಡರೆ ಯಾವುದು ಎಲ್ಲಿ ನೋಡಿದ್ದು ಎಂಬುದೇ ಮರೆತುಹೋಗುತ್ತದೆ. ಮಾಂಗಾ ಮುಗಿಸಿ ಆಮೇಲೆ ನೋಡಿ.

ಕೊನೆಯ ಸಂಪುಟ, ಆಮೇಲೆ

ಒಂಬತ್ತನೆಯದನ್ನು ಮಾತ್ರ ಒಂದೇ ಕೂತಿನಲ್ಲಿ ಓದಿ. ಕಥೆ ಒಂದೇ ಜಾಗಕ್ಕೆ ಬಂದು ನಿಂತಿರುತ್ತದೆ, ನಡುವೆ ಎದ್ದರೆ ಬಿಗಿ ಸಡಿಲುತ್ತದೆ. ಫೋನ್ ದೂರವಿಟ್ಟು ಮಧ್ಯಾಹ್ನವೊಂದನ್ನು ಎತ್ತಿಡಿ. ಮಲಗುವ ಮುಂಚೆ ಬೇಡ.

ಕೊನೆಯ ಪುಟಗಳು ಎಲ್ಲಕ್ಕೂ ಉತ್ತರ ಕೊಡುವುದಿಲ್ಲ. ಮುಗಿದ ಕೂಡಲೇ ವಿವರಣೆ ಹುಡುಕಲು ಓಡಬೇಡಿ. ಮೊದಲ ಸಂಪುಟ ತೆಗೆದು ಬೈಬಲಿನ ಆ ಪುಟ, ಗುರುತು ಹಾಕಿದ ಹಾಸಿಗೆಯ ಪಕ್ಕದ ಪುಟ, ಇವೆರಡನ್ನು ಮತ್ತೆ ಓದಿ. ನಂತರ ನೋಟ್‌ಬುಕ್‌ನ ಮೂರನೆಯ ಕಂಬ. ಅಷ್ಟಾದ ಮೇಲೂ ಉಳಿದ ಪ್ರಶ್ನೆಗಳಿದ್ದರೆ ಆಗ ಬೇರೆಯವರ ವಾದಗಳನ್ನು ಓದಿ. ಆಗ ಒಪ್ಪದಿರಲು ನಿಮ್ಮ ಬಳಿ ಆಧಾರವಿರುತ್ತದೆ.

ಇದೇ ಲೇಖಕರ ಮುಂದಿನ ಓದಿಗೆ ‘ಪ್ಲುಟೊ’ ಒಳ್ಳೆಯದು, 8 ಸಂಪುಟ ಮಾತ್ರ. ಅದು ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ನ ಒಂದು ಕಥೆಯನ್ನು ಪೊಲೀಸ್ ತನಿಖೆಯಾಗಿ ಮರಳಿ ಹೇಳುತ್ತದೆ. ಮೂಲ ಓದಿರದಿದ್ದರೂ ತೊಂದರೆಯಿಲ್ಲ. ‘20ನೇ ಶತಮಾನದ ಹುಡುಗರು’ ಎಂಬ ಅರ್ಥದ ಹೆಸರಿನ ಇನ್ನೊಂದು ಸರಣಿ ‘ಮಾನ್‌ಸ್ಟರ್’ಗಿಂತ ಉದ್ದ, ಕಾಲದಲ್ಲಿ ಹಿಂದೆ ಮುಂದೆ ಹೆಚ್ಚು ಹಾರುವಂಥದ್ದು, ಅದನ್ನು ಪ್ಲುಟೊ ಆದ ಮೇಲೆ ಇಟ್ಟುಕೊಳ್ಳಿ.